ಸದ್ದಿನ ಅಂಜನಪ್ಪ

ಲಾರಿಯ ಮುಂಭಾಗದಲ್ಲಿ ಎಲ್ಲೋ ಟಪ್ ಎನ್ನುತ್ತಿದೆ, ಎಲ್ಲಿ ಅಂತ ಮಾತ್ರ ಸಿಗುತ್ತಿಲ್ಲ ಎಂದು ತಲೆಕೆಟ್ಟ ಡ್ರೈವರುಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಚಾಮರಾಜಪೇಟೆಯ ಅಂಜನಪ್ಪನ ಶೆಡ್ಡಿನ ಮುಂದೆ. ಶೆಡ್ಡು ಎನ್ನುವುದು ಅದಕ್ಕೆ ನಾವು ಕೊಡುವ ಮರ್ಯಾದೆ. ನಾಲ್ಕು ಕಂಬ, ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮಣ್ಣು, ಅಷ್ಟೆ. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತರಗುಪೇಟೆಯಲ್ಲಿ ಬೇಳೆ ಇಳಿಸಲು ಬಂದ ಯಾರನ್ನು ಕೇಳಿದರೂ "ಸದ್ದಿನ ಅಂಜನಪ್ಪನ ಹತ್ರ ಹೋಗಿ" ಎನ್ನುತ್ತಿದ್ದರು.

ಅವನ ಅಪ್ಪ ಅದೇ ತರಗುಪೇಟೆಯಲ್ಲಿ ಮೂಟೆ ಹೊತ್ತವನು. ಮಗನ ಬೆನ್ನಾದರೂ ನೆಟ್ಟಗಿರಲಿ ಎಂದು ಹದಿನಾಲ್ಕನೇ ವಯಸ್ಸಿಗೆ ಅವನನ್ನು ಕಾಟನ್‌ಪೇಟೆಯ ಒಂದು ಕುಲುಮೆಗೆ ಸೇರಿಸಿದ. ಲಾರಿಯ ಭಾರವನ್ನೆಲ್ಲ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಒಂದರ ಮೇಲೊಂದು ಜೋಡಿಸಿ ಕಟ್ಟಿದ ಸ್ಪ್ರಿಂಗ್ ಪ್ಲೇಟುಗಳು, ಅವನ್ನು ಅಲ್ಲಿ ಕಾಯಿಸಿ ಬಡಿದು ಬಾಗಿಸುತ್ತಿದ್ದರು. ಅಂಜನಪ್ಪ ಹತ್ತು ವರ್ಷ ಬಡಿದ, ಆಮೇಲೆ ಸ್ವಂತಕ್ಕೆ ಈ ಶೆಡ್ಡು ಹಾಕಿದ. ಬೆನ್ನು ನೆಟ್ಟಗೇ ಉಳಿಯಿತು. ಹೋದದ್ದು ಕಿವಿ. ಅದು ಗೊತ್ತಾಗುವ ಹೊತ್ತಿಗೆ ಅವನಿಗೆ ಐವತ್ತಾಗಿತ್ತು, ಊರಿಗೆಲ್ಲ ಅವನ ಕಿವಿಯ ಹೆಸರೇ ಹೆಸರಾಗಿತ್ತು.

ಅವನು ಸದ್ದು ಹಿಡಿಯುವುದನ್ನು ನೋಡಲು ದಾರಿಹೋಕರೂ ನಿಲ್ಲುತ್ತಿದ್ದರು. ಮೊದಲು ಲಾರಿ ಮುಟ್ಟುತ್ತಿರಲಿಲ್ಲ. ಡ್ರೈವರನ್ನು ಎದುರಿಗೆ ಕೂರಿಸಿಕೊಂಡು ವಕೀಲರ ಹಾಗೆ ಕೇಳುತ್ತಿದ್ದ. ಬ್ರೇಕ್ ಹಾಕಿದಾಗಲೋ, ತಿರುಗಿಸಿದಾಗಲೋ? ಗುಂಡಿಗೆ ಇಳಿಯುವಾಗಲೋ, ಹತ್ತುವಾಗಲೋ? ಲೋಡ್ ಇದ್ದಾಗಲೋ, ಖಾಲಿ ಇದ್ದಾಗಲೋ? ಆಮೇಲೆ ಲಾರಿಯ ಕೆಳಗೆ ಮಲಗಿ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಒಂದೊಂದೇ ಪಿನ್ನಿಗೆ, ಪಿನ್ನು ಕೂರುವ ಒಂದೊಂದೇ ಬುಷ್‌ಗೆ ಆನಿಸಿ, ಮೇಲಿದ್ದವನಿಗೆ ಸ್ಟೀರಿಂಗ್ ಅಲ್ಲಾಡಿಸಲು ಹೇಳುತ್ತಿದ್ದ. ಅರ್ಧ ಗಂಟೆಯಲ್ಲಿ ಕಳ್ಳ ಸಿಗುತ್ತಿದ್ದ.

ಒಂದೇ ಒಂದು ಕಟ್ಟುನಿಟ್ಟಿತ್ತು. ವಾಟರ್ ಸರ್ವಿಸ್ ಮಾಡಿಸಿ ಕೆಳಭಾಗಕ್ಕೆಲ್ಲ ಹಳೇ ಎಣ್ಣೆ ಸಿಂಪಡಿಸಿಕೊಂಡು ಬಂದ ಗಾಡಿಯನ್ನು ಅವನು ನೋಡುತ್ತಿರಲಿಲ್ಲ. ಪ್ಲೇಟುಗಳ ಸಂದಿಗೆ ಎಣ್ಣೆ ಇಳಿದರೆ ಸದ್ದು ಸತ್ತಂತೆ ಮಲಗುತ್ತದೆ, ರೋಗ ಮಾತ್ರ ಹಾಗೇ ಇರುತ್ತದೆ. "ಎಣ್ಣೆ ಹೊಡೆದಿರೋ ಗಾಡಿ ಸುಳ್ಳು ಹೇಳತ್ತೆ. ನಾಲ್ಕು ದಿನ ಧೂಳು ಕುಡಿಸಿ ತಗೊಂಡ್ಬಾ" ಎಂದು ವಾಪಸ್ ಕಳಿಸುತ್ತಿದ್ದ. ಬೈದುಕೊಂಡು ಹೋದವರೂ ನಾಲ್ಕು ದಿನ ಬಿಟ್ಟು ಬರುತ್ತಿದ್ದರು.

ಕಿವಿಯ ವಿಷಯ ಮೊದಲು ಗೊತ್ತಾದದ್ದು ಹೆಂಡತಿ ಬೈರಮ್ಮನಿಗೆ. ಗಂಡ ಕುಕ್ಕರಿನ ಪಕ್ಕದಲ್ಲೇ ಕೂತು ಬೀಡಿ ಸೇದುತ್ತಿದ್ದಾನೆ, ಕುಕ್ಕರ್ ಏಳನೇ ಸಲ ಕೂಗುತ್ತಿದೆ, ಇವನಿಗೆ ಅದರ ಪರಿವೆಯೇ ಇಲ್ಲ. ದಪ್ಪ ದನಿಯ ಮಾತು, ಎಂಜಿನ್ನಿನ ಮೊರೆತ ಇವೆಲ್ಲ ಕೇಳುತ್ತಿದ್ದವು, ಸಣ್ಣ ದನಿಯ ಮಾತನ್ನು ತುಟಿ ನೋಡಿ ಹಿಡಿಯುತ್ತಿದ್ದ. ಚುರುಕಾದ ಸದ್ದುಗಳು ಮಾತ್ರ ಒಂದೊಂದಾಗಿ ಹೋಗಿದ್ದವು. ಅವನ ಕಸುಬೆಲ್ಲ ಇದ್ದದ್ದು ಆ ಸದ್ದುಗಳಲ್ಲೇ.

"ಡಾಕ್ಟ್ರಿಗೆ ತೋರಿಸ್ಕೊಳಿ ಅಂದ್ರೆ ಕೇಳಲ್ವಲ್ಲ," ಎಂದು ಬೈರಮ್ಮ ಎಷ್ಟೋ ಸಲ ಹೇಳಿದಳು.

"ಸದ್ದಿನ ಅಂಜನಪ್ಪ ಕಿವಿ ಡಾಕ್ಟರ ಬಾಗಿಲಲ್ಲಿ ಕೂತಿದ್ದ ಅಂತ ಪೇಟೆಗೆ ಗೊತ್ತಾದ್ರೆ ನಾಳೆ ಯಾವನು ಬರ್ತಾನೆ? ಬಾಯಿ ಮುಚ್ಕೊಂಡಿರು."

ಸ್ಕ್ರೂಡ್ರೈವರನ್ನು ಅವನು ಕಿವಿಗೆ ಒತ್ತುವುದನ್ನು ಬಿಡಲಿಲ್ಲ. ನೋಡುವವರಿಗೆ ಅದು ಬೇಕಿತ್ತು. ಕೆಲಸ ಮಾಡುತ್ತಿದ್ದದ್ದು ಎಡಗೈ. ಅಂಗೈಯನ್ನು ಪಿನ್ನಿನ ಮೇಲಿಟ್ಟರೆ ಸಡಿಲ ಇರುವುದು ಚರ್ಮಕ್ಕೆ ತಿಳಿಯುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಅಂಗೈ ಹೇಳಿದ್ದು ಸರಿಯಾಗಿರುತ್ತಿತ್ತು. ಆ ಹತ್ತನೆಯದನ್ನು ನೆನೆದು ಅವನಿಗೆ ಎಷ್ಟೋ ದಿನ ಅನ್ನ ಸೇರುತ್ತಿರಲಿಲ್ಲ. ಆದರೂ ಹೇಳಲಿಲ್ಲ. ಹೇಳಲು ಅವನಿಗೆ ನಾಚಿಕೆ, ನಾಚಿಕೆಗಿಂತ ಹೆಚ್ಚಾಗಿ ಸೊಕ್ಕು.

ತೊಂಬತ್ತೇಳನೇ ಇಸವಿಯ ಆಯುಧಪೂಜೆಯ ಹಿಂದಿನ ದಿನ ಸೊಣ್ಣಪ್ಪ ಬಂದ. ತರಗುಪೇಟೆಯ ಬೇಳೆ ಮಂಡಿಯ ಮಲ್ಲಿಕಾರ್ಜುನಯ್ಯನವರ ಲಾರಿಯ ಡ್ರೈವರು, ಅಂಜನಪ್ಪನನ್ನು ಅಣ್ಣ ಎಂದೇ ಕರೆಯುವ ಹಳೇ ಸ್ನೇಹಿತ. ಒಂದು ಕಾಲಕ್ಕೆ ವಿಪರೀತ ಕುಡಿಯುತ್ತಿದ್ದ. ಹೆಂಡತಿ ವಿಶಾಲಮ್ಮ ಎಂಟು ವರ್ಷ ಗುದ್ದಾಡಿ, ಕೊನೆಗೆ ಹನುಮಂತನಗರದ ಗುಡ್ಡ ಹತ್ತಿಸಿ, ದೇವರ ಮುಂದೆ ತನ್ನ ತಲೆಯ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ್ದಳು. ಆರು ವರ್ಷದಿಂದ ಸೊಣ್ಣಪ್ಪ ಮುಟ್ಟಿರಲಿಲ್ಲ. ವಠಾರದಲ್ಲಿ ವಿಶಾಲಮ್ಮ ತಲೆ ಎತ್ತಿ ಓಡಾಡುತ್ತಿದ್ದದ್ದು ಆ ಆರು ವರ್ಷದ ಬಲದಿಂದ.

"ಬ್ರೇಕ್ ಹಾಕ್ದಾಗ ಎಡಗಡೆ ಟಪ್ ಅನ್ನತ್ತೆ ಅಣ್ಣ. ಹದಿನೈದು ದಿನದಿಂದ," ಎಂದ ಸೊಣ್ಣಪ್ಪ. ಲಾರಿ ಹಬ್ಬಕ್ಕೆ ತಯಾರಾಗಿತ್ತು. ತೊಳೆದು, ಒರೆಸಿ, ಕೆಳಗೆಲ್ಲ ಎಣ್ಣೆ ಹೊಡೆಸಿ ಮಿರಮಿರ ಮಿಂಚುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಂಜನಪ್ಪ ವಾಪಸ್ ಕಳಿಸುತ್ತಿದ್ದ. ಆದರೆ ನಾಳೆ ಪೂಜೆ. ಸಂಜೆಯೊಳಗೆ ಸ್ಪ್ಯಾನರು, ಸುತ್ತಿಗೆ, ಜಾಕು ಎಲ್ಲ ತೊಳೆದು, ವಿಭೂತಿ ಕುಂಕುಮ ಇಟ್ಟು ದೇವರ ಮುಂದೆ ಜೋಡಿಸಬೇಕು. ಒಮ್ಮೆ ಪೂಜೆಗೆ ಕೂತ ಆಯುಧವನ್ನು ವಿಜಯದಶಮಿ ಮುಗಿಯುವವರೆಗೆ ಮುಟ್ಟುವಂತಿಲ್ಲ. ಸೊಣ್ಣಪ್ಪನೋ ವಿಜಯದಶಮಿ ಸಂಜೆಯೇ ಗುಲ್ಬರ್ಗಕ್ಕೆ ಹೊರಡಬೇಕು. ಪ್ಲೇಟುಗಳನ್ನು ಪೂರ್ತಿ ಬಿಚ್ಚಿ ನೋಡಲು ನಾಲ್ಕು ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಇರಲಿಲ್ಲ.

ಕೆಳಗೆ ಮಲಗಿದ. ಶಾಕ್ ಅಬ್ಸಾರ್ಬರಿನ ಬುಷ್ ನೋಡಿದ, ಸರಿಯಿತ್ತು. ಪ್ಲೇಟಿನ ತುದಿಗಳ ಪಿನ್ನುಗಳಿಗೆ ಅಂಗೈ ಇಟ್ಟ, ಸರಿಯಿದ್ದವು. ಪ್ಲೇಟುಗಳನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟಿನ ನಟ್ಟುಗಳಿಗೆ ಸ್ಪ್ಯಾನರ್ ಹಾಕಿದರೆ, ಎಡಗಡೆಯದು ಒಂದೂವರೆ ಸುತ್ತು ತಿರುಗಿತು. ಅಂಜನಪ್ಪನಿಗೆ ಹೋದ ಜೀವ ಬಂದಂತಾಯಿತು. ಸಿಕ್ಕಿತಲ್ಲ! ಮೊದಲು ಸಿಕ್ಕಿದ್ದೇ ಕಾರಣ ಎಂದುಕೊಳ್ಳಬೇಡ ಎಂದು ಬೇರೆಯವರಿಗೆ ಬೈದು ಹೇಳುತ್ತಿದ್ದವನು ಅಂದು ಅದನ್ನೇ ಮಾಡಿದ. ನಟ್ಟು ಬಿಗಿದು ಮೇಲೆದ್ದ.

ಇಬ್ಬರೂ ಲಾರಿಯನ್ನು ಒಂದು ಸುತ್ತು ಹೊಡೆಸಿದರು. ಸೊಣ್ಣಪ್ಪ ಎರಡು ಕಡೆ ಉಬ್ಬು ಹತ್ತಿಸಿದ, ಮೂರು ಸಲ ಜೋರಾಗಿ ಬ್ರೇಕ್ ಒತ್ತಿದ. ಆಮೇಲೆ ಲಾರಿ ನಿಲ್ಲಿಸಿ ಅಂಜನಪ್ಪನ ಕಡೆ ತಿರುಗಿದ.

"ಸಣ್ಣದಾಗಿ ಇನ್ನೂ ಏನೋ ಅನ್ನತ್ತೆ ಅನ್ಸತ್ತೆ. ನಿಮಗೆ ಕೇಳಿಸ್ತಾ?"

ಅಂಜನಪ್ಪನಿಗೆ ಕೇಳಿಸಿದ್ದು ಎಂಜಿನ್ನಿನ ಸದ್ದು ಮಾತ್ರ. ಕೇಳಿಸಲಿಲ್ಲ ಎನ್ನಬಹುದಿತ್ತು. ನಾಲ್ಕು ದಿನ ಗಾಡಿ ನಿಲ್ಲಿಸು ಎನ್ನಬಹುದಿತ್ತು. ಅವನು ತಲೆಯಾಡಿಸಿ ನಕ್ಕ.

"ಏನಿಲ್ಲ ಕಣೋ. ಬಿಗಿದಿರೋ ಬೋಲ್ಟು ಕೂರ್ತಿದೆ ಅಷ್ಟೆ. ಧೈರ್ಯವಾಗಿ ಹೋಗು."

"ನೀವು ಹೇಳಿದ ಮೇಲೆ ಮುಗೀತು ಬಿಡಿ," ಎಂದ ಸೊಣ್ಣಪ್ಪ. ತನ್ನ ಎರಡು ಒಳ್ಳೆಯ ಕಿವಿಗಿಂತ ಇವನ ಮಾತನ್ನೇ ನಂಬಿದ.

ಗುಲ್ಬರ್ಗದಿಂದ ತೊಗರಿಬೇಳೆ ತುಂಬಿಕೊಂಡು ಬರುವಾಗ, ಹಿರಿಯೂರು ದಾಟಿದ ಮೇಲೆ, ಬೆಳಗ್ಗೆ ಹತ್ತು ಗಂಟೆಯ ಬಿಸಿಲಲ್ಲಿ ಲಾರಿ ಇದ್ದಕ್ಕಿದ್ದಂತೆ ಎಡಕ್ಕೆ ಎಳೆದು ಮೋರಿಯಿಂದ ಕೆಳಗುರುಳಿತು. ಸೊಣ್ಣಪ್ಪ ಅಲ್ಲೇ ಹೋದ. ಎದುರಿಗೆ ಗಾಡಿಯಿಲ್ಲ, ರಸ್ತೆ ನೆಟ್ಟಗಿದೆ. ಹಬ್ಬ ಮುಗಿದು ಎರಡು ದಿನ, ಸತ್ತವನು ಲಾರಿ ಡ್ರೈವರು. ಜನಕ್ಕೆ ಇನ್ನೇನು ಬೇಕು? ಹೆಣ ಚಾಮರಾಜಪೇಟೆಗೆ ಬರುವ ಮೊದಲೇ, ಕುಡಿದಿದ್ದನಂತೆ ಎಂಬ ಮಾತು ಬಂದು ವಠಾರದಲ್ಲಿ ಕೂತಿತ್ತು.

ನಜ್ಜುಗುಜ್ಜಾದ ಲಾರಿ ನೋಡಲು ಮಲ್ಲಿಕಾರ್ಜುನಯ್ಯನವರು ಅಂಜನಪ್ಪನನ್ನು ಕರೆದುಕೊಂಡು ಹೋದರು. ಬಯಲಿನಲ್ಲಿ ಮಗ್ಗುಲಾಗಿ ಬಿದ್ದಿದ್ದ ಲಾರಿಯ ಎಡ ಮುಂಭಾಗಕ್ಕೆ ಅವನ ಕಾಲು ತಾನಾಗಿ ನಡೆಯಿತು. ಎಲ್ಲಕ್ಕಿಂತ ಮೇಲಿನ ದೊಡ್ಡ ಪ್ಲೇಟು ಎರಡು ತುಂಡಾಗಿತ್ತು. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ತುಕ್ಕು ಹಿಡಿದು ಕಂದಾಗಿದೆ, ಕಾಲು ಭಾಗ ಮಾತ್ರ ಹೊಸ ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಓದಲು ಬಾರದವನಿಗೂ ಅದು ಅರ್ಥವಾಗುತ್ತದೆ. ಬಿರುಕು ವಾರಗಳಿಂದ ಇತ್ತು. ಬ್ರೇಕ್ ಒತ್ತಿದಾಗಲೆಲ್ಲ ಅದೇ ಟಪ್ ಎನ್ನುತ್ತಿದ್ದದ್ದು. ಎಣ್ಣೆಯ ಕೆಳಗೂ ಸಣ್ಣದಾಗಿ ಎಂದಿತ್ತು, ಸೊಣ್ಣಪ್ಪನಿಗೆ ಕೇಳಿಸಿತ್ತು. ಉಳಿದ ಕಾಲು ಭಾಗ ಲಾರಿ ಉರುಳಿದ ಬೆಳಗ್ಗೆ ಮುರಿದಿತ್ತು.

"ಏನಂತೀಯ ಅಂಜನಪ್ಪ?" ಎಂದರು ಮಲ್ಲಿಕಾರ್ಜುನಯ್ಯ.

"ಬಿದ್ದ ಏಟಿಗೆ ತುಂಡಾಗಿದೆ ಬುದ್ಧಿ," ಎಂದ.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದ. ಬೈರಮ್ಮ ಬಿಡಲಿಲ್ಲ. ಪ್ಲೇಟಿನ ಸಂಗತಿ ಅವಳಿಗೆ ಮಾತ್ರ ಹೇಳಿದ್ದ. "ಆ ಹೆಣ್ಣು ಬಂದೋರನ್ನೆಲ್ಲ ಕೇಳ್ತಿದಾಳೆ, ಕುಡಿದಿದ್ರಾ, ನೀವು ನೋಡಿದ್ರಾ ಅಂತ. ಆಣೆ ಮುರಿದೋನ ಹೆಂಡ್ತಿ ಆಗಿ ಬದುಕ್ಬೇಕಾ ಅವಳು? ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ," ಎಂದಳು.

ವಠಾರದ ಅಂಗಳದಲ್ಲಿ ಎರಡು ಸಾಲು ಎಲೆ ಹಾಕಿದ್ದರು. ಅಂಜನಪ್ಪನನ್ನೂ ಕೂರಿಸಿದರು. ಎದುರಿಗೆ ಕುರ್ಚಿಯ ಮೇಲೆ ಮಲ್ಲಿಕಾರ್ಜುನಯ್ಯನವರು ಕಾಫಿ ಲೋಟ ಹಿಡಿದು ಕೂತಿದ್ದರು. ಒಳಗಿನಿಂದ ವಿಶಾಲಮ್ಮ ಬಂದಳು. ಹಣೆ ಬೋಳಾಗಿತ್ತು. ನೇರವಾಗಿ ಅಂಜನಪ್ಪನ ಮುಂದೆ ನಿಂತಳು.

"ಹಬ್ಬದ ಹಿಂದಿನ ದಿನ ಜೊತೆಗಿದ್ದೋರು ನೀವು. ನೀವಾದ್ರೂ ಹೇಳಿ ಅಣ್ಣ. ಮತ್ತೆ ಶುರು ಮಾಡಿದ್ರಾ?"

ಅಂಜನಪ್ಪ ಅನ್ನದಿಂದ ಕೈ ತೆಗೆದ. "ಇಲ್ಲಮ್ಮ. ಪ್ಲೇಟು ಮೊದಲೇ ಬಿರುಕು ಬಿಟ್ಟಿತ್ತು. ಅವನಿಗೆ ಸದ್ದು ಕೇಳಿಸ್ತಿತ್ತು, ನನ್ನ ಕೇಳ್ದ. ನನಗೆ ಕಿವಿ ಕೇಳಲ್ಲ. ಮೂರು ವರ್ಷ ಆಯ್ತು. ಕೇಳಿಸ್ದಂಗೆ ನಾಟಕ ಆಡಿ, ಏನಿಲ್ಲ ಹೋಗು ಅಂದೆ. ನಾನೇ ಕೊಂದೆ ಅವನ್ನ."

ಮಲ್ಲಿಕಾರ್ಜುನಯ್ಯನವರು ಕರುಣೆಯಿಂದ ತಲೆಯಾಡಿಸಿದರು.

"ಸ್ನೇಹ ದೊಡ್ಡದು ಅಂಜನಪ್ಪ. ಆದ್ರೆ ಹೋದವನ ಮಾನ ಉಳಿಸೋಕೆ ನಿನ್ನ ಹೆಸರು ಯಾಕೆ ಹಾಳು ಮಾಡ್ಕೋತೀಯ? ನಿನ್ನ ಕಿವಿ ಎಂಥದು ಅಂತ ಪೇಟೆಗೆಲ್ಲ ಗೊತ್ತು. ಪ್ಲೇಟು ಬಿದ್ದ ಏಟಿಗೆ ಮುರೀತು ಅಂತ ನೀನೇ ಹೇಳಿದ್ಯಲ್ಲ."

ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎನ್ನುತ್ತಿದ್ದರು. ಪಾಪ, ಒಳ್ಳೆಯ ಮನುಷ್ಯ, ಸ್ನೇಹಿತನಿಗಾಗಿ ಸುಳ್ಳು ಹೇಳುತ್ತಿದ್ದಾನೆ. ಅಂಜನಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಇಪ್ಪತ್ತೈದು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಈಗ ಅವನ ಬಾಯಿಯನ್ನೇ ಮುಚ್ಚುತ್ತಿತ್ತು. ವಿಶಾಲಮ್ಮ ಎದುರಿಗಿರಲಿಲ್ಲ. ಅವಳೂ ನಂಬದೆ ಒಳಗೆ ಹೋದಳೇನೋ ಎಂದುಕೊಂಡ. ಅವನಿಗೆ ಅಳು ಬಂತು.

ಅಷ್ಟರಲ್ಲಿ ಎದುರಿಗಿದ್ದವರೆಲ್ಲ ಒಮ್ಮೆಗೇ ಬೆಚ್ಚಿದರು. ಮಲ್ಲಿಕಾರ್ಜುನಯ್ಯನವರ ಕೈಯಿಂದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಒಬ್ಬ ಮುದುಕ ಎರಡು ಕಿವಿಯನ್ನೂ ಮುಚ್ಚಿಕೊಂಡ. ಏನಾಯಿತೆಂದು ಅಂಜನಪ್ಪನಿಗೆ ತಿಳಿಯಲಿಲ್ಲ. ಅವರೆಲ್ಲ ನೋಡುತ್ತಿದ್ದದ್ದು ತನ್ನ ಹಿಂದಕ್ಕೆ ಎಂದು ಗೊತ್ತಾಗಿ ತಿರುಗಿದ.

ವಿಶಾಲಮ್ಮ ಅವನ ತಲೆಯ ಹಿಂದೆಯೇ ನಿಂತಿದ್ದಳು. ಒಂದು ಕೈಯಲ್ಲಿ ಸ್ಟೀಲ್ ತಟ್ಟೆ, ಇನ್ನೊಂದರಲ್ಲಿ ಸೌಟು. ಅವನ ಕಣ್ಣ ಮುಂದೆಯೇ ಮತ್ತೊಮ್ಮೆ ಬಲವಾಗಿ ಬಡಿದಳು. ಜನ ಮತ್ತೆ ಬೆಚ್ಚಿದರು. ಅವನಿಗೆ ಕಂಡದ್ದು ತಟ್ಟೆ ನಡುಗಿದ್ದು ಮಾತ್ರ.

ಅವಳು ತಟ್ಟೆಯನ್ನು ಕೆಳಗಿಟ್ಟು ಎಲ್ಲರ ಕಡೆ ತಿರುಗಿದಳು. "ನಮ್ಮನೆಯೋರು ಕುಡಿದಿರ್ಲಿಲ್ಲ. ಕಿವಿ ಇರೋರು ಕೇಳಿಸ್ಕೊಂಡು ಹೋಗಿ, ಹೊರಗಡೆ ಹೇಳಿ," ಎಂದಳು.

ಆಮೇಲೆ ಅವನ ಎಲೆಯ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತಳು. ತುಟಿ ಚೆನ್ನಾಗಿ ಕಾಣುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಕೇಳಿಸಲ್ಲ ಕಣೋ ಅಂತ ಅವರಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಣ್ಣ."

ಅಂಜನಪ್ಪ ಎಲೆ ಮಡಿಸದೆ ಎದ್ದ. ಕೂತ್ಕೋ, ಊಟ ಮುಗಿಸು ಎಂದು ಯಾರೂ ಹೇಳಲಿಲ್ಲ.