ಮುಂಗಾಲಿಗೆ ಹೋದ ಅಂಕ

ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಉಚ್ಚೆಂಗೆಮ್ಮ ತವರೂರು ಆವರಗೆರೆಗೆ ಬಂದು, ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದಳು. ಅಲ್ಲಿನ ಹೆಂಗಸರಲ್ಲಿ ಎಂಟನೇ ತರಗತಿ ಪಾಸಾದವಳು ಅವಳೊಬ್ಬಳೇ. ಯಾರ ಮನೆಗೆ ಕಾಗದ ಬಂದರೂ ಓದಿ ಹೇಳುವವಳು ಅವಳೇ. ಹತ್ತಿಯ ಧೂಳಿಗೆ ಕೆಮ್ಮು ಹತ್ತಿದಾಗ, ಹೇಗಾದರೂ ಮೇಡಂ ಆಗಬೇಕು, ಹಲಗೆಯ ಮುಂದೆ ನಿಲ್ಲಬೇಕು ಎಂಬ ಆಸೆ ಹುಟ್ಟಿತು.

ಶಿಕ್ಷಕಿಯರ ತರಬೇತಿಗೆ ಪ್ರವೇಶ ಪರೀಕ್ಷೆ ಇತ್ತು. ಎಲ್ಲ ಊರಿನವರಿಗೂ ಒಂದೇ ಪ್ರಶ್ನೆಪತ್ರಿಕೆ. ಇಪ್ಪತ್ತೆಂಟು ತುಂಬಿದವರು ಕೂರುವಂತಿಲ್ಲ. ೧೯೫೯ರಲ್ಲೂ ಮರುವರ್ಷವೂ ಅವಳು ಲೆಕ್ಕದಲ್ಲಿ ಗೆದ್ದು ಕನ್ನಡ ವ್ಯಾಕರಣದಲ್ಲಿ ಸೋತಳು. ‘ತಪ್ಪು ವಾಕ್ಯ ಗುರುತಿಸಿ’ ಎಂದರೆ ಅವಳಿಗೆ ಯಾವುದೂ ತಪ್ಪಾಗಿ ಕಾಣುತ್ತಿರಲಿಲ್ಲ. ‘ಮನೆಯಾಗ ಅವ್ವ ಅದಾಳ’ ಎನ್ನುವುದರಲ್ಲಿ ತಪ್ಪೇನಿದೆ? ಅವ್ವ ಮನೆಯಲ್ಲೇ ಇದ್ದಳಲ್ಲ!

ವಯಸ್ಸಿನ ಲೆಕ್ಕದಲ್ಲಿ ಉಳಿದದ್ದು ಒಂದೇ ಅವಕಾಶ. ಹರಿಹರದಲ್ಲಿ ವಾಮದೇವಪ್ಪ ಎಂಬ ನಿವೃತ್ತ ಮೇಷ್ಟ್ರು ವ್ಯಾಕರಣದಲ್ಲಿ ಗಟ್ಟಿಗರೆಂದು ಕೇಳಿ, ಪ್ರತಿ ಭಾನುವಾರ ರೈಲು ಹತ್ತಿ ಹೋದಳು. ಅವರು ಕಾಸು ಕೇಳಲಿಲ್ಲ, ಆದರೆ ಹಳೆಯ ಪ್ರಶ್ನೆಗಳನ್ನು ಒಂದೊಂದಾಗಿ ಮುಂದಿಟ್ಟು ಜೀವ ಹಿಂಡಿದರು.

“ಮುಂಗಾಲು ಯಾವ ಸಮಾಸ?”

“ಮುಂದಿನ ಕಾಲು, ತತ್ಪುರುಷ ಅಲ್ಲೇನ್ರಿ? ಎರಡು ಸಲಾನೂ ಹಂಗೇ ಬರ್ದೆ.”

“ಅಲ್ಲೇ ಬೀಳ್ತೀರಿ ಎಲ್ರೂ. ಮುಂದಿನ ಕಾಲು ಅನಬ್ಯಾಡ, ಕಾಲಿನ ಮುಂದು ಅನ್ನು. ಒಂದು ಪೂರ್ತಿ ವಸ್ತು, ಅದರ ಒಂದು ಭಾಗ. ಅಂಶಿಸಮಾಸ. ಅಂಗಾಲೂ ಹಂಗೇ.”

ಅವಳು ಬಗ್ಗಿ ತನ್ನ ಪಾದ ನೋಡಿಕೊಂಡಳು. ಕಾಲಿನ ಅಡಿ, ಅಂಗಾಲು. ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಆ ದಿನ ರೈಲಿನಲ್ಲಿ ಕಣ್ಣಿಗೆ ಬಿದ್ದ ಪದಗಳನ್ನೆಲ್ಲ ಒಡೆಯುತ್ತಾ ಬಂದಳು.

ಮೂರನೆಯ ಪರೀಕ್ಷೆಯಲ್ಲಿ ಅದೇ ಪದ ಬಂತು. ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಬೇಕಿತ್ತು. ಅವಳು ಅಂಶಿಗೆ ಹಾಕಿದಳು.

ಕನ್ನಡದಲ್ಲಿ ಪಾಸಾಗಲು ಮೂವತ್ತೈದು ಬೇಕಿತ್ತು. ಅವಳಿಗೆ ಬಂದದ್ದು ಮೂವತ್ನಾಲ್ಕು. ಸೂಚನಾ ಫಲಕದಲ್ಲಿ ಫಲಿತಾಂಶದ ಪಕ್ಕದಲ್ಲೇ ಸರಿಯುತ್ತರಗಳ ಪಟ್ಟಿ ಅಂಟಿಸಿದ್ದರು. ಬೆರಳಿಟ್ಟು ಓದುತ್ತಾ ಬಂದವಳು ಒಂದು ಕಡೆ ನಿಂತುಬಿಟ್ಟಳು. ‘ಮುಂಗಾಲು: ತತ್ಪುರುಷ.’

ಪಟ್ಟಿಯನ್ನು ಬರೆದುಕೊಂಡು ಹರಿಹರಕ್ಕೆ ಹೋದಳು. ವಾಮದೇವಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ನಾನು ಹೇಳದೇ ಇದ್ದಿದ್ರೆ ನೀನು ಪಾಸಾಗ್ತಿದ್ದಿ,” ಎಂದರು.

“ಹಂಗಾದ್ರೆ ಯಾವುದು ಸರಿ, ಮೇಷ್ಟ್ರೇ?”

“ನೀನು ಬರ್ದಿದ್ದೇ ಸರಿ ಐತೆ, ತಾಯಿ.”

ಅವರೇ ಪರೀಕ್ಷೆ ನಡೆಸಿದ ಕಚೇರಿಗೆ ಅರ್ಜಿ ಬರೆದರು. ಏಳು ತಿಂಗಳು ಉತ್ತರ ಬರಲಿಲ್ಲ. ಆ ನಡುವೆ ಅವಳಿಗೆ ಇಪ್ಪತ್ತೆಂಟು ತುಂಬಿತು. ಕೊನೆಗೆ ಬಂದ ಲಕೋಟೆಯನ್ನು ಮೇಷ್ಟ್ರು ತಾವೇ ಹಿಡಿದು ಗಿರಣಿಯ ಗೇಟಿಗೆ ಬಂದರು. ಉತ್ತರ ತಪ್ಪಾಗಿರುವುದು ನಿಜ, ಮುಂದಿನ ಸಾಲಿನಿಂದ ತಿದ್ದಲಾಗುವುದು, ಆದರೆ ಪ್ರಕಟವಾದ ಫಲಿತಾಂಶ ಬದಲಾಗದು ಎಂದಿತ್ತು.

ಉಚ್ಚೆಂಗೆಮ್ಮ ನಿಂತಲ್ಲೇ ಎರಡು ಸಲ ಓದಿದಳು. ಸೀರೆ, ಕೂದಲಿನ ತುಂಬ ಹತ್ತಿಯ ಎಳೆ. ಕೆಮ್ಮು ತಡೆದುಕೊಂಡು ಕಾಗದ ಹಿಂದಿರುಗಿಸಿದಳು.

“ಮುಂದಿನವ್ರಿಗಾದ್ರೂ ಆತಲ್ರಿ,” ಎಂದಳು. ಆ ಮಾತಿನಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ.

“ಭಾನುವಾರ ಬಾ. ಸುಮ್ನೆ ಓದೋಣ.”

“ಯಾಕ್ರಿ ಮೇಷ್ಟ್ರೇ?” ಎಂದು ಅವಳು ಕೇಳಿದಳು. ಸೈರನ್ ಕೂಗಿತು, ಅವಳು ಒಳಗೆ ಹೋದಳು. ಆಮೇಲೆ ಹರಿಹರಕ್ಕೆ ಹೋಗಲೇ ಇಲ್ಲ. ಕಾಗದ ಓದಿಸಿಕೊಳ್ಳಲು ಬಂದ ಹೆಂಗಸರಿಗೂ, ಕಣ್ಣು ಮಂಜಾಗಿದೆ ಎಂದು ಹೇಳತೊಡಗಿದಳು.