ಕಾಲಂಗುಲ ಹೆಚ್ಚಾದ ಹಡಗು

ಅಜ್ಜಂಪುರದ ಆಚಾರಿ ಹೊನ್ನಯ್ಯ ಸಮುದ್ರ ನೋಡಿದವನಲ್ಲ. ಅವನು ಕಂಡ ದೊಡ್ಡ ನೀರೆಂದರೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ. ಅಂಥವನು ವಿಮಾನ ಹೊರುವ ಹಡಗಿನ ಮಾದರಿ ಮಾಡಿದ ಎಂದರೆ ಈಗಿನ ಹುಡುಗರು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ನಾನು ಪಕ್ಕದಲ್ಲೇ ಕೂತು ನೋಡಿದವನು. ಅವನ ಬಾಳಿಗೆ ಕಲ್ಲು ಹಾಕಿದವನೂ ನಾನೇ.

ಹೊನ್ನಯ್ಯನದು ಗಾಡಿ ಕೆಲಸ. ಒಂದು ಸಲ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ಏರಿಸುವಾಗ ಎಡಗೈಯ ಎರಡು ಬೆರಳು ಜಜ್ಜಿ ಹೋದವು. ಆಮೇಲೆ ಭಾರದ ಕೆಲಸ ಕೈಗೆ ಒಗ್ಗಲಿಲ್ಲ. ತೊಟ್ಟಿಲು, ಮಣೆ, ಲಟ್ಟಣಿಗೆ ಮಾಡಿಕೊಂಡು ಕಾಲ ನೂಕುತ್ತಿದ್ದ. ಕಡೂರಿನ ಶಾಲೆಯೊಂದಕ್ಕೆ ಮರಗೆಲಸ ಕಲಿಸುವ ಮೇಷ್ಟ್ರು ಬೇಕಂತೆ ಎಂದು ಸುದ್ದಿ ಬಂದಾಗ ಅವನ ಹೆಂಡತಿ ಈರಕ್ಕ ನನ್ನ ಮನೆ ಬಾಗಿಲಿಗೇ ಬಂದಳು. "ಶಿವಮೂರ್ತಪ್ಪ ಮೇಷ್ಟ್ರೇ, ನಿಮಗೆ ಇಂಗ್ಲಿಷ್ ಬತ್ತದೆ. ನಮ್ಮೋರ ಜತೆ ಹೋಗಿ ಎಲ್ಡು ಮಾತಾಡಿ" ಎಂದಳು. ನಾನು ಊರಿನ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವನು. ಹೂಂ ಎಂದೆ.

ಕೆಲಸ ಕೊಡುವವರು ಒಬ್ಬ ಬಿಳೀ ದೊರೆ. ವಯಸ್ಸಿನಲ್ಲಿ ಹಡಗಿನ ದಂಡಿನಲ್ಲಿದ್ದವರು. ಕನ್ನಡ ಒಂದಕ್ಷರ ಬಾರದು. ಕಡೂರಿನ ಬಂಗಲೆಯಲ್ಲಿ ಮೇಜಿನ ಮೇಲೆ ಎರಡು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಲಂಡನ್ನಿನಿಂದ ತರಿಸಿದ್ದಂತೆ. ಒಂದರಲ್ಲಿ ಯುದ್ಧದ ಹಡಗು, ಇನ್ನೊಂದರಲ್ಲಿ ವಿಮಾನದ ಹಡಗು. ಮರದ ತುಂಡು, ತಗಡಿನ ಚೂರು, ನಕ್ಷೆ ಎಲ್ಲ ಒಳಗೇ. "ಒಂದನ್ನು ಆರಿಸಿಕೊಳ್ಳಲಿ. ಇಪ್ಪತ್ತು ದಿನದಲ್ಲಿ ನಕ್ಷೆ ಇದ್ದ ಹಾಗೇ ಮಾಡಿ ತರಲಿ. ಸರಿ ಕಂಡರೆ ಕೆಲಸ ಅವನದೇ" ಎಂದರು. ನಾನು ಕನ್ನಡದಲ್ಲಿ ಹೇಳಿದೆ.

ಹೊನ್ನಯ್ಯ ಪೆಟ್ಟಿಗೆಗಳ ಮೇಲಿನ ಚಿತ್ರವನ್ನು ಹೆಣ್ಣು ನೋಡಲು ಬಂದವರಂತೆ ನೋಡಿದ. ದೊರೆ ಎರಡು ಸಲ ಗಡಿಯಾರ ತೆಗೆದರು. ಕೊನೆಗೆ ವಿಮಾನದ ಹಡಗನ್ನು ಎತ್ತಿಕೊಂಡ. ರೈಲಿನಲ್ಲಿ ಯಾಕೆಂದು ಕೇಳಿದರೆ, "ಅದ್ರಾಗೆ ಬರೀ ಫಿರಂಗಿ. ಇದ್ರ ಮ್ಯಾಲೆ ಕಣ ಮಾಡಿಕ್ಕವ್ರೆ ನೋಡಿ, ಚಪ್ಪಟೆ. ಸಲೀಸಾಯ್ತದೆ" ಎಂದ.

ಎಲ್ಲಿಯ ಸಲೀಸು. ಪೆಟ್ಟಿಗೆ ಬಿಚ್ಚಿದರೆ ಮರದ ತುಂಡು ಉದ್ದಕ್ಕೆ ಸೀಳಿತ್ತು. ಹೊನ್ನಯ್ಯ ಅದನ್ನು ಉಗುರಿನಿಂದ ಕೆರೆದು "ಇದು ಮರವೋ ಬೆಂಡೋ" ಎಂದು ಬದಿಗಿಟ್ಟ. ಅಟ್ಟದ ಮೇಲೆ ಅವರಪ್ಪ ಇಟ್ಟುಹೋದ ಶಿವನೆ ಮರದ ತೊಲೆಯಿತ್ತು, ಹನ್ನೆರಡು ವರ್ಷ ಒಣಗಿದ್ದು. ಅದನ್ನೇ ಕೊಯ್ದ. ದಿನಾ ಸ್ಕೂಲು ಬಿಟ್ಟ ಮೇಲೆ ನಾನು ಹೋಗಿ ನಕ್ಷೆಯಲ್ಲಿದ್ದುದನ್ನು ಓದಿ ಹೇಳುತ್ತಿದ್ದೆ. ಎರಡು ಬೆರಳಿಲ್ಲದವನು ಹಡಗನ್ನು ಕಾಲ್ಬೆರಳಲ್ಲಿ ಅವುಚಿಕೊಂಡು ಬಲಗೈಯಲ್ಲಿ ಕೆತ್ತುತ್ತಿದ್ದ. ಅಂಚಿನ ಕಟಕಟೆಗೆ ತೆಂಗಿನ ಗರಿಯ ಕಡ್ಡಿ ಸೀಳಿದ. ಹುಣಸೆಬೀಜದಷ್ಟು ಹನ್ನೆರಡು ವಿಮಾನ, ರೆಕ್ಕೆಗೆ ಬಿದಿರಿನ ಸಿಬಿರು. ಕಂಬದಿಂದ ಕಂಬಕ್ಕೆ ಎಳೆಯುವ ತಂತಿಗೆ ಯಾವ ದಾರವೂ ಸಣ್ಣದಾಗಲಿಲ್ಲ. ಈರಕ್ಕ ತಲೆ ಬಾಚಿಕೊಳ್ಳುವಾಗ ಬಾಚಣಿಗೆಯಲ್ಲಿ ಉಳಿದ ಕೂದಲನ್ನೇ ಎಳೆದು ಕಟ್ಟಿದ. "ನನ್ ತಲೆ ಬೋಳಿಸಿಯಾದ್ರೂ ಆ ಕೆಲ್ಸ ತಗೊಳ್ಳಿ" ಎಂದು ಅವಳು ಗೊಣಗಿದಳು. ನನಗೋ ಎಣಿಸಿದಷ್ಟೂ ದಿನ ಕಡಿಮೆಯಾಗುತ್ತಿತ್ತು. ಊಟ ಸೇರುತ್ತಿರಲಿಲ್ಲ.

ಹತ್ತೊಂಬತ್ತನೆಯ ದಿನ, ಹಡಗು ಮುಗಿದು ಬಣ್ಣವೂ ಒಣಗಿದ ಮೇಲೆ, ನಾನು ಸುಮ್ಮನಿರಲಾರದೆ ನಕ್ಷೆಯ ಮೇಲೆ ಅದನ್ನಿಟ್ಟೆ. ಹಿಂದಿನ ತುದಿ ಗೆರೆ ದಾಟಿತ್ತು. ಕಾಲಂಗುಲ.

"ಹೊನ್ನಯ್ಯ, ಅಳತೆ ತಪ್ಪಿದೆ ಕಣಯ್ಯ."

"ತಪ್ಪಿಲ್ಲ. ನಾನೇ ಬಿಟ್ಟಿದ್ದು."

"ಯಾಕೆ?"

"ಅವತ್ತೇ ಕೇಳಿದ್ನಲ್ಲ, ಇದ್ರಾಗೆ ಎಷ್ಟು ಜನ ಇರ್ತಾರೆ ಅಂತ. ಸಾವಿರ ಅಂದ್ರಿ. ಉಂಡು ಮಲಗೋ ಜಾಗ ಅಂದ್ಮ್ಯಾಲೆ ಮನೆ ತಾನೆ? ಆಯ ನೋಡಿದೆ. ಆ ಕಾಗದದ ಅಳತೆಗೆ ಧೂಮಾಯ ಬತ್ತದೆ."

ಮನೆ ಕಟ್ಟಲಿ, ತೊಟ್ಟಿಲು ಮಾಡಲಿ, ಆಚಾರಿಗಳು ಆಯ ನೋಡದೆ ಉಳಿ ಹಿಡಿಯುವುದಿಲ್ಲ. ಉದ್ದಗಲ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಅಂಕಿಯೇ ಆಯ. ಒಂದು ಉಳಿದರೆ ಧ್ವಜಾಯ, ಇರುವವರು ಬಾಳುತ್ತಾರೆ. ಎರಡು ಉಳಿದರೆ ಧೂಮಾಯ, ಬೆಂಕಿಯ ಭಯ. ಕಾಲಂಗುಲ ಹೆಚ್ಚಿಸಿ ಹೊನ್ನಯ್ಯ ಅದನ್ನು ಧ್ವಜಾಯಕ್ಕೆ ತಂದಿದ್ದ.

ನನಗೆ ಕೋಪ ನೆತ್ತಿಗೇರಿತು. "ಇದು ಆಟದ ಸಾಮಾನು. ಇದರೊಳಗೆ ಇರುವೆಯೂ ಇರುವುದಿಲ್ಲ. ಹಿಂದಿನ ತುದಿ ಕೊಯ್ದುಬಿಡು, ಇನ್ನೂ ಒಂದು ದಿನ ಇದೆ."

"ಆಗಾಕಿಲ್ಲ ಮೇಷ್ಟ್ರೇ. ಗೊತ್ತಿದ್ದೂ ಗೊತ್ತಿದ್ದೂ ಬೆಂಕಿ ಅಳತೆ ಹೆಂಗೆ ಮಾಡ್ಲಿ? ನಮ್ಮಪ್ಪ ಹೊಡೀತಿದ್ದ."

"ಕೆಲಸ ಹೋಗುತ್ತೆ."

ಅವನ ಮುಖ ಸಣ್ಣದಾಯಿತು. ಜಜ್ಜಿದ ಬೆರಳ ಬುಡವನ್ನು ತಿಕ್ಕಿಕೊಂಡ. "ದೊರೆ ಕೇಳಿದ್ರೆ, ತಿಳಿದೇ ಮಾಡಿದ್ದು ಅಂತ ಹೇಳ್ಬಿಡಿ. ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ" ಎಂದ.

ಮಾರನೆಯ ದಿನ ಹಡಗನ್ನು ಮೊರದಲ್ಲಿಟ್ಟು, ಈರಕ್ಕನ ಹಳೇ ಸೀರೆ ಸುತ್ತಿ, ಕಡೂರಿನ ರೈಲು ಹತ್ತಿದೆವು. ಗಾಡಿ ಕುಲುಕಿದಾಗೆಲ್ಲ ಹೊನ್ನಯ್ಯ ಮೊರವನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಿದ್ದ. ಬೀರೂರಿನಲ್ಲಿ ಹಣ್ಣೇನಯ್ಯ ಎಂದು ಸೀರೆ ಸರಿಸಲು ಬಂದವನಿಗೆ ನಾನು ಹೊಡೆಯಲು ಹೋದೆ.

ದೊರೆ ಹಡಗನ್ನು ಮೇಜಿನ ಮೇಲೆ ಇರಿಸಿಕೊಂಡರು. ಭೂತಗನ್ನಡಿ ತರಿಸಿ ಒಂದೊಂದು ವಿಮಾನವನ್ನೂ ನೋಡಿದರು. ಆ ತಂತಿ ಯಾವುದು ಎಂದು ಕೇಳಿದರು. ಹೆಂಡತಿಯ ಕೂದಲು ಎಂದೆ. ಮೇಜು ತಟ್ಟಿಕೊಂಡು ನಕ್ಕರು. ನನಗೆ ಹೋದ ಉಸಿರು ಬಂತು. ಆಮೇಲೆ ಜೇಬಿನಿಂದ ಅಳತೆಪಟ್ಟಿ ತೆಗೆದರು.

ಒಂದು ಸಲ ಇಟ್ಟರು. ಇನ್ನೊಂದು ಸಲ ಇಟ್ಟರು. ನಗು ಹೋಯಿತು. "ಇದು ಉದ್ದ ಇದೆ. ಯಾಕೆ?"

ಹೊನ್ನಯ್ಯ ನನ್ನ ಮುಖ ನೋಡಿದ. ಪ್ರಶ್ನೆ ಏನೆಂದು ಅವನಿಗೆ ಭಾಷೆ ಬಾರದೆಯೂ ತಿಳಿದಿತ್ತು. ಬಿಳಿಯನಿಗೆ ಆಯ, ಧ್ವಜ, ಧೂಮ ಎಂದರೆ ಇವನೊಬ್ಬ ಮೂಢ ಎಂದಾರು, ಶಾಲೆಗೆ ಸೇರಿಸಿಯಾರೇ ಎಂದು ನನ್ನ ತಲೆ ಓಡಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. "ಮಳೆಗಾಲ ಸ್ವಾಮಿ. ಮರ ಉಬ್ಬಿದೆ" ಎಂದುಬಿಟ್ಟೆ.

ದೊರೆ ಪಟ್ಟಿ ಕೆಳಗಿಟ್ಟರು. "ಮರ ಅಗಲಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬಿದ ಮರವನ್ನು ನಾನು ಎಲ್ಲೂ ಕಂಡಿಲ್ಲ. ಬೇಕೆಂದು ಮಾಡಿದ್ದರೆ ಕಾರಣ ಕೇಳುತ್ತಿದ್ದೆ. ಮರದ ಗುಣವೇ ಗೊತ್ತಿಲ್ಲದವನು ಮಕ್ಕಳಿಗೆ ಏನು ಕಲಿಸುತ್ತಾನೆ?" ಎಂದು ಹೊನ್ನಯ್ಯನ ಅರ್ಜಿ ಎಳೆದು ಅದರ ಮೇಲೆ ಅಷ್ಟನ್ನೇ ಬರೆದರು: ಇವನಿಗೆ ಮರ ಗೊತ್ತಿಲ್ಲ.

ಆಗಲಾದರೂ ನಾನು ನಿಜ ಹೇಳಬಹುದಿತ್ತು. ಸುಳ್ಳುಗಾರ ಎನಿಸಿಕೊಳ್ಳುವ ಹೆದರಿಕೆ ನನಗೆ. ಕೈಮುಗಿದು ಹೊರಗೆ ಬಂದೆ.

ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತ ಮೇಲೆ ಹೊನ್ನಯ್ಯ ಕೇಳಿದ, "ಕೆಲ್ಸ ಇಲ್ಲ ಅಂದ್ರಾ?"

"ಇಲ್ಲ ಅಂದರು."

"ನಾನು ತಿಳಿದೇ ಉದ್ದ ಬಿಟ್ಟಿದ್ದು ಅಂತ ಹೇಳಿದ್ರಾ?"

"ಹೇಳಿದೆ" ಎಂದೆ.

"ಕಾಗದದ ಮ್ಯಾಲೂ ಹಂಗೇ ಬರಕೊಂಡ್ರಾ?"

"ಬರಕೊಂಡರು."

ಹೊನ್ನಯ್ಯ ತಲೆಯಾಡಿಸಿದ. ಕಣ್ಣಲ್ಲಿ ನೀರಿತ್ತು. ಈರಕ್ಕನಿಗೆ ಏನು ಹೇಳುವುದೆಂಬ ಚಿಂತೆ ಮುಖದ ಮೇಲೇ ಇತ್ತು. ಆದರೂ ನನ್ನ ಕೈ ಹಿಡಿದುಕೊಂಡು ಹೇಳಿದ: "ಹೋಗ್ಲಿ ಬಿಡಿ. ಬ್ಯಾರೆ ಯಾರನ್ನಾದ್ರೂ ಕರ್ಕೊಂಡ್ ಬಂದಿದ್ರೆ ಹೆದ್ರಿಕೊಂಡು ಏನಾದ್ರೂ ಸುಳ್ಳು ಹೇಳಿ ನನ್ನ ಕಸುಬಿನ ಮಾನ ತೆಗೀತಿದ್ರು. ನೀವಿದ್ದುದಕ್ಕೆ ಅದೊಂದು ಉಳೀತು."

ನಾನು ಹೂಂಗುಟ್ಟಿದೆ. ಅಷ್ಟರಲ್ಲಿ ಅಜ್ಜಂಪುರದ ಗಾಡಿ ಬಂತು.