ತಪ್ಪಿಗೆ ಜಾಗವಿಲ್ಲದ ಅರ್ಜಿ

ಧರ್ಮಪುರಿ ಕೋರ್ಟಿನ ಎದುರು, ಬೇವಿನ ಕೆಳಗೆ ಹಳೆಯ ತಮಿಳು ಟೈಪ್‌ರೈಟರ್ ಇಟ್ಟುಕೊಂಡು ಕೂರುವ ಮೇನಕಕ್ಕನಿಗೆ ವಿಚ್ಛೇದನದ ಅರ್ಜಿ ಬಾಯಿಪಾಠ. ಹೆಂಗಸರು ಗಂಡನ ಇನ್ನೊಬ್ಬಳ ಕತೆ ತೆಗೆದರೆ ಅವಳ ಬೆರಳುಗಳು ಗಾಳಿಯಲ್ಲೇ ನಿಂತುಬಿಡುತ್ತವೆ. ಕಾಗೆ ಬಂದು ಕೂರಬಹುದು, ಅಷ್ಟು ಹೊತ್ತು. "ಇಬ್ರೂ ಒಪ್ಪಿ ಬಿಡೋ ಅರ್ಜೀಲಿ ತಪ್ಪಿಗೆ ಜಾಗ ಇಲ್ಲ ಕಣವ್ವ. ತಪ್ಪು ಅಂತ ಬರೆದ್ರೆ ಸಾಕ್ಷಿ ತರ್ಬೇಕು, ವರ್ಷಗಟ್ಲೆ ಅಲೀಬೇಕು. ಸರಿ, ವಿಡು!" ಎಂದು ತಮಿಳಿನಲ್ಲೇ 'ಬಿಟ್ಟುಬಿಡು' ಅಂದು ಮುಗಿಸುತ್ತಾಳೆ. ಮೊನ್ನೆ ಪೆನ್ನಾಗರಂನ ರಾಧಾ ಬಿಡಲಿಲ್ಲ: "ಅಂಗಾದ್ರೆ ಅವ್ನು ಮಾಡಿದ್ದು ಎಲ್ಲೂ ಬರೆಯಾಕಿಲ್ವಾ ಅಕ್ಕಾ?" ಮೇನಕಕ್ಕನ ಬಳಿ ಅದಕ್ಕೂ ಮದ್ದಿದೆ. ರದ್ದಿ ಹಾಳೆ ಸಿಕ್ಕಿಸಿ, ರಾಧಾ ಕನ್ನಡದಲ್ಲಿ ಅತ್ತದ್ದನ್ನೆಲ್ಲ, ಆ ಇನ್ನೊಬ್ಬಳ ಬಳೆಯ ಬಣ್ಣದವರೆಗೂ, ತಮಿಳಿನಲ್ಲಿ ಗಂಭೀರವಾಗಿ ಟೈಪ್ ಮಾಡಿ ಕೈಗಿಟ್ಟಳು. "ಇದು ನಿಂಗೆ. ಅರ್ಜಿ ಜಡ್ಜ್‌ಗೆ." ರಾಧಾ ಮೂಗೊರೆಸಿಕೊಂಡು ಅರ್ಜಿಗೆ ಸಹಿ ಹಾಕಿದಳು. ಎದ್ದಾಗ, ಟೈಪ್‌ರೈಟರಿನ ಮೋಟುಗಾಲಿನ ಕೆಳಗೆ ಮಡಚಿಟ್ಟಿದ್ದ, ಹಳದಿಯಾದ ಅಂಥದ್ದೇ ಹಾಳೆ ಕಂಡಿತು. "ಇದ್ಯಾರ್ದು ಅಕ್ಕಾ?" ಎಂದು ಅದರ ತುದಿ ಹಿಡಿದಳು. "ನಂದೇ," ಎಂದಳು ಮೇನಕಕ್ಕ, ಹೊಸ ಹಾಳೆ ಏರಿಸುತ್ತ. "ಎಳೀಬ್ಯಾಡ, ಮಿಷಿನ್ ಅಲ್ಲಾಡ್ತೈತೆ."